ಶರಣಮ್ಮ ಎಂಬ ಹೆಸರಿನ ಅರ್ಥವೇನು? ಶರಣ್ಯ ಅಂದರೂ ಅದೇನಾ?

ನಿಮ್ಮ ಹೆಂಡತಿಯ ತವರು ಕಲಬುರಗಿ, ಅವರ ಅಜ್ಜಿಯ ಹೆಸರು ಶರಣಮ್ಮ. ಮಗಳಿಗೆ ಅದನ್ನೇ ಇಡಿ ಅಂತ ಅತ್ತೆ ಹೇಳುತ್ತಿದ್ದಾರೆ, ಬದಲಿಗೆ ಶರಣ್ಯ ಅಂತ ಇಟ್ಟರೆ ಒಂದೇ ಅಲ್ವಾ ಅಂತ ಕೇಳಿದ್ದೀರಿ. ಒಂದೇ ಅಲ್ಲ. ಎರಡಕ್ಕೂ ಮೂಲ ಒಂದೇ, ಅರ್ಥ ಮಾತ್ರ ತಿರುವುಮುರುವು.

ಸಂಸ್ಕೃತದಲ್ಲಿ ಶರಣ ಅಂದರೆ ಆಸರೆ. ‘ಬುದ್ಧಂ ಶರಣಂ ಗಚ್ಛಾಮಿ’ ಅನ್ನುವಾಗ ಇರುವುದು ಈ ಅರ್ಥವೇ. ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ, ಭೀಮಾ ದಂಡೆಯ ಬೌದ್ಧ ಸ್ತೂಪದ ಸುತ್ತ ಈ ಮಾತು ಎಷ್ಟು ಸಲ ಕೇಳಿಸಿತ್ತೋ! ಆಮೇಲೆ 12ನೇ ಶತಮಾನ. ಈಗಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ ವಚನಕಾರರು ಈ ಪದವನ್ನು ಮನುಷ್ಯರಿಗೇ ಕೊಟ್ಟರು. ಶಿವನ ಆಸರೆ ಹೊಕ್ಕವನು ಶರಣ, ಹೊಕ್ಕವಳು ಶರಣೆ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಅಂತ ಅವರು ಹೇಳಿದ ಆರು ಸ್ಥಲಗಳಲ್ಲಿ, ಅಂದರೆ ಭಕ್ತಿಯ ಮೆಟ್ಟಿಲುಗಳಲ್ಲಿ, ಶರಣ ಐದನೆಯದು. ಅದು ದಾಟಿದರೆ ಲಿಂಗದಲ್ಲಿ ಒಂದಾಗುವುದಷ್ಟೇ ಬಾಕಿ. ತೊಟ್ಟಿಲಲ್ಲಿರೋ ಕೂಸಿಗೆ ಎಷ್ಟು ದೊಡ್ಡ ಹೆಸರು ನೋಡಿ.

ಆದರೆ ನಮ್ಮೂರಲ್ಲಿ ಹೆಸರಿಡುವಾಗ ಯಾರೂ ಷಟ್‌ಸ್ಥಲ ಎಣಿಸುತ್ತಾ ಕೂರುವುದಿಲ್ಲ. ಅವರ ಮನಸ್ಸಿನಲ್ಲಿ ಇರುವವರು ಶರಣಬಸವೇಶ್ವರರು. ಜೇವರ್ಗಿ ಕಡೆಯ ಅರಳಗುಂಡಗಿಯಲ್ಲಿ ಹುಟ್ಟಿ, ಕಲಬುರಗಿಗೆ ಬಂದು, ಹಸಿದು ಬಂದವರಿಗೆಲ್ಲ ದಾಸೋಹ ನಡೆಸಿ 1822ರಲ್ಲಿ ಲಿಂಗೈಕ್ಯರಾದವರು. ಹೋಳಿ ಮುಗಿದ ಮೇಲೆ ಅವರ ಜಾತ್ರೆ. ತೇರು ಎಳೆಯುವಾಗ ಜನ ಉತ್ತತ್ತಿ, ಬಾಳೆಹಣ್ಣು ಎಸೆಯುತ್ತಾರೆ. ತಲೆ ಮೇಲೊಂದು ಬೀಳದೆ ವಾಪಸ್ ಬಂದವರು ಕಡಿಮೆ. ಆ ಗುಡಿಗೆ ಹರಕೆ ಹೊತ್ತು ಹುಟ್ಟಿದ್ದು ಗಂಡಾದರೆ ಶರಣಪ್ಪ ಇಲ್ಲವೇ ಶರಣಬಸಪ್ಪ, ಹೆಣ್ಣಾದರೆ ಶರಣಮ್ಮ. ಲಿಂಗಾಯತರಲ್ಲಿ ಜಾಸ್ತಿ, ಬೇರೆಯವರಲ್ಲೂ ಇದೆ. ನಮ್ಮ ಕ್ಲಾಸಿನಲ್ಲಂತೂ ಒಬ್ಬರಿಗಿಂತ ಹೆಚ್ಚು ಶರಣಮ್ಮ ಇದ್ದರು. ಅಡ್ಡಹೆಸರು ಸೇರಿಸಿ ಕೂಗದಿದ್ದರೆ ಎಲ್ಲರೂ ಒಟ್ಟಿಗೆ ‘ಸರ್’ ಅಂತ ಎದ್ದು ನಿಲ್ಲುತ್ತಿದ್ದರು.

ಕೊನೆಯ ‘ಅಮ್ಮ’ಗೆ ತಾಯಿ ಅಂತ ಅರ್ಥ ಹಚ್ಚಬೇಡಿ. ಅದು ಗೌರವಕ್ಕೆ, ಪ್ರೀತಿಗೆ ಸೇರಿದ್ದು. ವಿಜಯಪುರದ ಕಡೆ ಹೋದರೆ ಅದೇ ಶರಣವ್ವ ಆಗುತ್ತದೆ.

ಇನ್ನು ಶರಣ್ಯ. ಅದರ ಅರ್ಥ ಆಸರೆ ಕೊಡುವವಳು, ಮೊರೆ ಹೋಗಲು ತಕ್ಕವಳು. ‘ಸರ್ವಮಂಗಲ ಮಾಂಗಲ್ಯೇ’ ಶ್ಲೋಕದಲ್ಲಿ ದೇವಿಯನ್ನು ‘ಶರಣ್ಯೇ’ ಅಂತ ಕರೆಯುವುದು ಅದಕ್ಕೇ. ಹೆಸರು ಚೆನ್ನಾಗಿದೆ, ತಕರಾರಿಲ್ಲ. ಆದರೆ ಅದನ್ನಿಟ್ಟು ‘ನಿಮ್ಮ ತಾಯಿಯ ಹೆಸರೇ ಇಟ್ಟಿದ್ದೀವಿ’ ಅಂತ ಅತ್ತೆಗೆ ಹೇಳಿದರೆ ಅವರು ಒಪ್ಪುವುದು ಕಷ್ಟ. ನನ್ನನ್ನು ಕೇಳಿದರೆ ಜನನ ಪ್ರಮಾಣಪತ್ರದಲ್ಲಿ ಶರಣಮ್ಮ ಅಂತಲೇ ಬರೆಸಿ. ಉದ್ದ ಅನಿಸಿದರೆ ಮನೆಯಲ್ಲಿ ಶರಣಿ ಅಂತ ಕರೆಯಿರಿ. ಅಜ್ಜಿಯನ್ನೂ ಚಿಕ್ಕವರಿದ್ದಾಗ ಹಾಗೇ ಕರೆಯುತ್ತಿದ್ದಿರಬಹುದು, ಅತ್ತೆಯನ್ನೇ ಕೇಳಿ ನೋಡಿ.