ಗೆಳ್ಯಾರು ಇದ್ರೂ ಟೆನ್ಶನ್ ಯಾಕ ಹೋಗವಲ್ದು?

ಪ್ರಶ್ನೆ: ಡಾಕ್ಟ್ರ, ಬೆಳಗಾವಿ ಉದ್ಯಮಬಾಗದಾಗ ಫೌಂಡ್ರಿ ಕೆಲ್ಸ. ಮೂರು ತಿಂಗಳಾತು ನಿದ್ದಿ ಇಲ್ಲ, ಎದಿ ಢವಢವ ಅಂತೈತಿ. ದಿನಾ ಸಂಜಿಕ್ಕ ಗೆಳ್ಯಾರ ಕೂಡ ಕುಂದರ್ತೀನಿ, ಆದ್ರೂ ಟೆನ್ಶನ್ ಹೋಗವಲ್ದು.

ಉತ್ತರ: ಎಲ್ಲಿ ಕುಂದರ್ತೀರಿ ಅಂತ ಬರ್ದಿಲ್ಲ, ನನಗ ಗೊತ್ತೈತಿ ಬಿಡ್ರಿ. ಕ್ವಾರ್ಟರ್ ಮುಂದಿಟ್ಕೊಂಡು ಸೂಪರ್ವೈಸರನ್ನ ಬೈಯೋದು ಸಪೋರ್ಟ್ ಅಲ್ಲ, ಎಣ್ಣಿಗೆ ನಿದ್ದಿ ಲಗೂ ಹತ್ತತೈತಿ ಖರೆ, ನಡುರಾತ್ರಿ ಎಚ್ಚರ ಆಕ್ಕೈತಿ. ಎದಿ ಢವಢವ ಎಲ್ಲಾ ಟೆನ್ಶನ್ ಅಂತ ನೀವ ತೀರ್ಮಾನ ಮಾಡಬ್ಯಾಡ್ರಿ, ಮೊದ್ಲು ಇಸಿಜಿ, ಥೈರಾಯ್ಡ್ ಮಾಡಿಸ್ರಿ.

ಅಮೆರಿಕಾದ ಸಮಾಜಶಾಸ್ತ್ರಜ್ಞ ಜೇಮ್ಸ್ ಹೌಸ್ ಅನ್ನಾಂವ 1981ರಾಗ ಸಪೋರ್ಟ್ ನಾಕ್ ನಮೂನಿ ಅಂತ ಬರ್ದಾನ: ಸಮಾಧಾನ ಹೇಳೋದು, ಕೆಲ್ಸಕ್ಕ ಕೈ ಹಚ್ಚೋದು, ಗೊತ್ತಿಲ್ಲದ್ದು ತಿಳಿಸೋದು, ಮಾಡಿದ್ದು ಹೆಂಗಾಗೈತಿ ಅಂತ ನೆಟ್ಟಗ ಹೇಳೋದು. ನಮ್ಮ ಮಂದಿ ಮೊದಲನೇದ ಒಂದ ಹಿಡ್ಕೊಂಡು ಕುಂತಾರ.

ನನ್ನ ಹತ್ರ ಒಬ್ಬ ಮೋಲ್ಡರ್, ಅಂದ್ರ ಫೌಂಡ್ರ್ಯಾಗ ಎರಕ ಹೊಯ್ಯಾಕ ಉಸುಕಿನ ಅಚ್ಚು ಮಾಡಾಂವ, ಬರ್ತಿದ್ದ. ಅವನ ಕಾಸ್ಟಿಂಗ್‌ನಾಗ ತೂತು ಬಿದ್ದು ರಿಜೆಕ್ಟ್ ಆಗೂವು, ಮುಂಜಾನೆ ಎಲ್ಲಾರ ಮುಂದ ಸೀಮೆಸುಣ್ಣದ ಗುರ್ತು ಹಾಕಿ ಒಟ್ಟೂವ್ರು, ಯಾಕ ಹಿಂಗಾತು ಅಂತ ಹೇಳಾವ್ರು ಒಬ್ರೂ ಇಲ್ಲ, ಗೆಳ್ಯಾರು ಮಾತ್ರ "ತಲಿಗೆ ಹಚ್ಕೋಬ್ಯಾಡೋ" ಅನ್ನೂವ್ರು. ಒಂದಿನ ವಯಸ್ಸಾದ ಕೆಲಸಗಾರ ಒಬ್ರು ಅವನ ಉಸುಕು ಮುಟಿಗಿ ತುಂಬ ಹಿಡ್ದು ಹಿಚಿಕಿ ಮುರ್ದು ನೋಡಿ, "ನೀರ ಹೆಚ್ಚಾಗೈತಿ ತಮ್ಮಾ" ಅಂದ್ರಂತ. ಅವತ್ತ ರಾತ್ರಿ ನಿದ್ದಿ ಹತ್ತಿತ್ರಿ ಅಂದ. ನಾ ಎರಡು ತಿಂಗ್ಳು ಗುಳಿಗಿ ಬರ್ದಿದ್ದೆ!

ಹಂಗಂತ ದೋಸ್ತ್ರು ಇದ್ರ ಸಾಕು ಅಂತಲ್ಲ. 1988ರಾಗ ಜಾನ್ಸನ್ ಮತ್ತ ಹಾಲ್ ಅನ್ನೋ ಸಂಶೋಧಕರು ಸ್ವೀಡನ್‌ನ 13,779 ಕೆಲಸಗಾರರನ್ನ ನೋಡಿದ್ರು, ಕೆಲ್ಸ ಜಗ್ಗಿ, ತನ್ನ ಕೈಯಾಗ ಏನೂ ಇಲ್ಲ, ಜೊತಿಗೂ ಯಾರಿಲ್ಲ ಅನ್ನಾವ್ರಿಗೆ ಹೃದಯದ ರೋಗ ಹೆಚ್ಚು ಕಂಡಿತ್ತು. ಅಂದ್ರ ಮಾಲಕರು ವರ್ಷಕ್ಕೊಮ್ಮೆ ಯೋಗದ ಕ್ಲಾಸ್ ಇಟ್ಟು ಫೋಟೋ ಹೊಡ್ಸಿದ್ರ ಮುಗೀಲಿಲ್ಲ, ಹೊರಿ ಇಳಸ್ಬೇಕು. ನೀವು ಈ ವಾರ ಸೂಪರ್ವೈಸರ್‌ಗೆ ಒಂದ ಮಾತು ಕೇಳ್ರಿ, "ಸರ, ನಂದು ತಪ್ಪು ಎಲ್ಲಿ ಆಗಾಕತ್ತೈತಿ?" ಬೈದ್ರ ಬೈಲಿ.

ಪ್ರಶ್ನೆ: ಬರ್ನ್‌ಔಟ್, ಅಂದ್ರ ಕೆಲ್ಸದ ಟೆನ್ಶನ್‌ಗೆ ಪೂರಾ ಸೋತು ಹೋಗೇನಿ ಅಂತ ರಜಾಕ್ಕ ಸರ್ಟಿಫಿಕೇಟ್ ಕೊಡ್ತೀರೇನ್ರಿ?
ಇಲ್ಲ. ವಿಶ್ವ ಆರೋಗ್ಯ ಸಂಸ್ಥೆನ ಅದನ್ನ ರೋಗ ಅಂದಿಲ್ಲ.

ಪ್ರಶ್ನೆ: ನರಕ್ಕ ಶಕ್ತಿ ಬರ್ಲಿ ಅಂತ ಸಲೈನ್ ಏರಿಸ್ಕೊಳ್ಳಾಕತ್ತೀನಿ, ನಡೀತೈತೇನ್ರಿ?
ಏರಿಸಾಂವಗ ಶಕ್ತಿ ಬರ್ತೈತಿ.

ಪ್ರಶ್ನೆ: ಸಾಯ್ಬೇಕು ಅನಸ್ತೈತಿ.
ಇದನ್ನ ಬರ್ದು ಉತ್ತರಕ್ಕ ಕಾಯಬ್ಯಾಡ್ರಿ, ಈಗಿಂದೀಗ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕ ಫೋನ್ ಹಚ್ರಿ, ಕನ್ನಡದಾಗ ಮಾತಾಡ್ತಾರ, ರೊಕ್ಕ ಇಲ್ಲ, ಹಗಲೂ ರಾತ್ರಿ ಇರ್ತೈತಿ. ಮನ್ಯಾಗ ಒಬ್ರಿಗರೆ ಹೇಳ್ರಿ, ಒಬ್ರ ಇರಬ್ಯಾಡ್ರಿ.

ಪ್ರಶ್ನೆ: ಯಜಮಾನ್ರಿಗೆ ನೈಟ್ ಶಿಫ್ಟ್, ನಾ ಏನ್ ಮಾಡ್ಲಿ?
ಕಿಡಕಿಗೆ ದಪ್ಪನ ಚಾದರ ಕಟ್ರಿ, ಗ್ಯಾಸ್ ಸಿಲಿಂಡರ್ ಬಂತು ಅಂತ ಹಗಲಿ ಎಬ್ಬಸಬ್ಯಾಡ್ರಿ.