ಊರವರೇ ಸೇರಿ ಶಾಲೆ ತೆರೆಯುವುದಾದರೆ ಮೊದಲು ಸಂಬಳದ ಲೆಕ್ಕ

ಊರವರು ಸೇರಿ ಅನುದಾನರಹಿತ, ಅಂದರೆ ಸರ್ಕಾರದ ಹಣದ ನೆರವಿಲ್ಲದ, ಕನ್ನಡ ಶಾಲೆ ತೆರೆಯಲು ಹೊರಟಿದ್ದೀರಿ, ಒಬ್ಬರು ಜಾಗ ಕೊಡುತ್ತಾರೆ, ಕಟ್ಟಡ ಶುರುಮಾಡಬಹುದೇ ಎಂದು ಕೇಳಿದ್ದೀರಿ. ಈಗಲೇ ಬೇಡ ಅನ್ನುತ್ತೇನೆ. ಮೊದಲು ಮೂರು ವರ್ಷದ ಸಂಬಳಕ್ಕೆ ದಾರಿ ಮಾಡಿಕೊಳ್ಳಿ.

ಒಂದನೇ ತರಗತಿಗೆ 30 ಮಕ್ಕಳು, ಇಬ್ಬರು ಶಿಕ್ಷಕರು, ತಿಂಗಳಿಗೆ ತಲಾ 18,000 ರೂಪಾಯಿ ಸಂಬಳ ಎಂದಿಟ್ಟುಕೊಳ್ಳಿ. ವರ್ಷಕ್ಕೆ 4,32,000 ಆಯಿತು. ಮಗುವಿಗೆ ತಿಂಗಳಿಗೆ 600ರಂತೆ ಹತ್ತು ತಿಂಗಳ ಶುಲ್ಕ ಪೂರ್ತಿ ವಸೂಲಾದರೂ ಬರುವುದು 1,80,000. ಉಳಿದ 2,52,000ಕ್ಕೆ ತಿಂಗಳಿಗೆ 500 ಕೊಡುವ 50 ಮನೆಗಳನ್ನು ಹುಡುಕಿ. 3 ಲಕ್ಷವಾಗುತ್ತದೆ, ಒಂದೆರಡು ಮನೆ ತಪ್ಪಿದರೂ ನಡೆಯುತ್ತದೆ. ಭೂಮಿಪೂಜೆಯ ದಿನ ಲಕ್ಷ ಕೊಡುವವರು ಸಿಗುತ್ತಾರೆ, ಬೇಸಿಗೆ ರಜೆಯ ಸಂಬಳಕ್ಕೆ ಕೊಡುವವರು ಸಿಗುವುದಿಲ್ಲ. ಕಟ್ಟಡಕ್ಕೊಂದು, ಸಂಬಳಕ್ಕೊಂದು ಬ್ಯಾಂಕ್ ಖಾತೆ ಇಡಿ. ಛಾವಣಿ ಹಾಕಲು ಸಂಬಳದ ಹಣ ತೆಗೆದರೆ ಒಳ್ಳೆಯ ಶಿಕ್ಷಕರು ಬಿಟ್ಟುಹೋಗುತ್ತಾರೆ, ಅವರ ಹಿಂದೆಯೇ ಮಕ್ಕಳೂ.

ಜಾಗದ ವಿಷಯದಲ್ಲಿ ದಾಕ್ಷಿಣ್ಯ ಬೇಡ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಕನಿಷ್ಠ 7 ಜನ ಸೇರಿ ಸಂಘ ಮಾಡಿ, ದಾನಪತ್ರವನ್ನು ಸಂಘದ ಹೆಸರಿಗೇ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿ. ಪಿತ್ರಾರ್ಜಿತವಾದರೆ ದಾನಿಯ ಮಕ್ಕಳ ಸಹಿಯೂ ಇರಲಿ. ಬಾಯಿಮಾತಿನ ದಾನ ಮುಂದಿನ ತಲೆಮಾರಿನಲ್ಲಿ ಪಾಲಿನ ವ್ಯಾಜ್ಯವಾಗುತ್ತದೆ. ಕೃಷಿ ಜಮೀನಾದರೆ ಭೂಪರಿವರ್ತನೆಯೂ (ಕೃಷಿಯೇತರ ಬಳಕೆಗೆ ಅನುಮತಿ) ಆಗಬೇಕು.

ಮಕ್ಕಳನ್ನು ಸೇರಿಸಿಕೊಳ್ಳುವ ಮುಂಚೆಯೇ 1983ರ ಕರ್ನಾಟಕ ಶಿಕ್ಷಣ ಕಾಯ್ದೆಯಡಿ ನೋಂದಣಿ, ಮಾನ್ಯತೆ ಪಡೆಯಿರಿ; ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಯಲ್ಲಿ ವಿಚಾರಿಸಿ. ಮಾನ್ಯತೆ ಇಲ್ಲದೆ ನಡೆಸಿದರೆ ಶಿಕ್ಷಣ ಹಕ್ಕು ಕಾಯ್ದೆ (ಆರ್‌ಟಿಇ) ಪ್ರಕಾರ 1 ಲಕ್ಷದವರೆಗೆ ದಂಡ, ಆಮೇಲೂ ಮುಂದುವರಿಸಿದರೆ ದಿನಕ್ಕೆ 10,000. ಶಾಲೆಯ ಗುರುತಿನ ಯು-ಡೈಸ್ ಸಂಖ್ಯೆ ಸಿಗದೆ ಮಕ್ಕಳ ಹೆಸರು ರಾಜ್ಯದ ವಿದ್ಯಾರ್ಥಿ ದಾಖಲೆ ವ್ಯವಸ್ಥೆಯಾದ ಎಸ್‌ಎಟಿಎಸ್‌ನಲ್ಲಿ ಏರದಿದ್ದರೆ ಪೋಷಕರಿಗೆ ನಿಮ್ಮಲ್ಲಿ ನಂಬಿಕೆ ಉಳಿಯುವುದಿಲ್ಲ. ನಕ್ಷೆ ಬರೆಸುವಾಗಲೇ ಹುಡುಗರಿಗೂ ಹುಡುಗಿಯರಿಗೂ ಪ್ರತ್ಯೇಕ ಶೌಚಾಲಯ, ಗಾಲಿಕುರ್ಚಿ ಹತ್ತುವ ಇಳಿಜಾರು, ಕುಡಿಯುವ ನೀರಿನ ಜಾಗ ಗುರುತಿಸಿ. ಆಮೇಲೆ ಒಡೆದು ಕಟ್ಟುವುದು ದುಬಾರಿ.

ವರ್ಷಕ್ಕೊಂದೇ ತರಗತಿ ಏರಿಸಿ. ಐದೂ ತರಗತಿ ಸೇರಿ 60 ಮಕ್ಕಳಿಗೆ ಇಬ್ಬರು ಶಿಕ್ಷಕರು ಸಾಕು ಎನ್ನುತ್ತದೆ ಆರ್‌ಟಿಇ. ಅದು ಕನಿಷ್ಠ ಮಿತಿ, ಅಷ್ಟಕ್ಕೇ ನಿಂತರೆ ಬಹುವರ್ಗ ಬೋಧನೆಯೇ, ಅಂದರೆ ಒಬ್ಬರೇ ಹಲವು ತರಗತಿಗಳಿಗೆ ಒಟ್ಟಿಗೆ ಕಲಿಸುವುದೇ, ಗತಿ. ತರಗತಿಗೊಬ್ಬರು ಸಿಗುವವರೆಗೆ ಮುಂದಿನ ತರಗತಿ ತೆರೆಯಬೇಡಿ, ಪೋಷಕರು ಎಷ್ಟೇ ಒತ್ತಾಯಿಸಲಿ.

ದೇಣಿಗೆಯನ್ನು ದಾಖಲಾತಿ ಸಮಯದಲ್ಲಿ ಪೋಷಕರಿಂದ ಪಡೆಯಬೇಡಿ, ಅದು ಕ್ಯಾಪಿಟೇಶನ್ ಶುಲ್ಕ (ಪ್ರವೇಶಕ್ಕಾಗಿ ಪಡೆಯುವ ನಿಷೇಧಿತ ಹಣ) ಎನಿಸಿಕೊಂಡೀತು. ಬ್ಯಾಂಕ್ ಮೂಲಕವೇ ಬರಲಿ: ದೇಣಿಗೆಗೆ ಆದಾಯ ತೆರಿಗೆ ರಿಯಾಯಿತಿ ಕೊಡಿಸುವ ಅನುಮೋದನೆ (80ಜಿ ಎಂದು ಕರೆಯುವುದು) ಸಂಘಕ್ಕೆ ಸಿಕ್ಕ ಮೇಲೂ 2,000 ರೂಪಾಯಿ ದಾಟಿದ ನಗದಿಗೆ ದಾನಿಗೆ ತೆರಿಗೆ ರಿಯಾಯಿತಿ ಸಿಗುವುದಿಲ್ಲ.