ಡಬ್ಬದಲ್ಲೇ ಪುಡಿಯಾದ ಶೂ

ಪ್ರಶ್ನೆ: ತಮ್ಮನ ಮದುವೆಗೆಂದು ನಾಲ್ಕು ವರ್ಷದ ಹಿಂದೆ ಶೂ ಕೊಂಡಿದ್ದೆ. ಎರಡೇ ಸಲ ಹಾಕಿದ್ದು. ತೊಟ್ಟೆಯಲ್ಲಿ ಕಟ್ಟಿ, ಡಬ್ಬದೊಳಗಿಟ್ಟು ಅಟ್ಟಕ್ಕೆ ಹಾಕಿದ್ದೆವು. ನಮ್ಮದು ಶೀಟಿನ ಮಾಡು. ಮೊನ್ನೆ ಒಂದು ಗೃಹಪ್ರವೇಶಕ್ಕೆ ಹಾಕಿಕೊಂಡು ಹೋದರೆ ಅಂಗಳ ದಾಟುವಷ್ಟರಲ್ಲಿ ಸೋಲ್ ಕಡ್ಲೆಹಿಟ್ಟಿನ ಹಾಗೆ ಉದುರಿತು. ಒಂದು ಹನಿ ನೀರು ತಾಗಿಸಿಲ್ಲ. ಅಂಗಡಿಯವರು ಹಳೇ ಮಾಲು ಕೊಟ್ಟರಾ? ಮನೆಯ ಪಾಲಿಯೆಸ್ಟರ್ ಸೀರೆ, ನೀರಿನ ಬಾಟ್ಲಿಗಳ ಗತಿಯೂ ಇದೇನಾ?
– ಓದುಗರು, ಬದಿಯಡ್ಕ

ಉತ್ತರ: ಅಂಗಡಿಯವರನ್ನು ಸುಮ್ನೆ ಬೈಯಬೇಡಿ. ಮಾಲು ಹಳೆಯದೇ ಇದ್ದಿರಬಹುದು, ಆದರೆ ನಿಮ್ಮ ಅಟ್ಟವೊಂದೇ ಸಾಕಿತ್ತು. ನೀರು ತಾಗಿಲ್ಲ ಎನ್ನುತ್ತೀರಿ. ಆಟಿ ತಿಂಗಳಲ್ಲಿ ಬೀರುವಿನೊಳಗಿನ ಬೆಲ್ಟಿಗೆ ಬೂಸ್ಟು ಬರುತ್ತದೆ ಅಲ್ವಾ? ಅದಕ್ಕೆ ಯಾರೂ ನೀರು ಹೊಯ್ದಿರುವುದಿಲ್ಲ. ಕಾಸರಗೋಡಿನ ಗಾಳಿಯಲ್ಲಿರುವ ಪಸೆಯೇ ಧಾರಾಳವಾಯಿತು.

ಇಂಥ ಹಗುರ, ಮೆತ್ತನೆಯ ಸೋಲ್‌ಗಳು ಹೆಚ್ಚಾಗಿ ಪಾಲಿಯುರೆಥೇನ್ ನೊರೆಯಿಂದ ಆದವು. ಅದರ ಮೆತ್ತನೆ ಭಾಗಕ್ಕೆ ಹಲವು ಕಂಪೆನಿಗಳು ಪಾಲಿಯೆಸ್ಟರ್ ಬಳಸುತ್ತವೆ, ಸವೆತ ತಡೆಯುತ್ತದೆ ಅಂತ. ಪಾಲಿಯೆಸ್ಟರ್ ಎಂದರೆ ಎಸ್ಟರ್ ಎಂಬ ಕೊಂಡಿಗಳಿಂದ ಆದ ಉದ್ದನೆಯ ಸರಪಳಿ. ನೀರಿನ ಅಣು ಬಂದು ಒಂದು ಕೊಂಡಿಯನ್ನು ಬಿಡಿಸಿದರೆ ಒಂದು ತುದಿಯಲ್ಲಿ ಆಮ್ಲ, ಇನ್ನೊಂದರಲ್ಲಿ ಆಲ್ಕೋಹಾಲ್ ಉಳಿಯುತ್ತದೆ. ಕಿತಾಪತಿ ಇರುವುದು ಆ ಆಮ್ಲದಲ್ಲಿ. ಪಕ್ಕದ ಕೊಂಡಿಗಳನ್ನು ನೀರು ಇನ್ನೂ ಬೇಗ ಬಿಡಿಸಲು ಅದೇ ಸಹಾಯ ಮಾಡುತ್ತದೆ. ಹಾಗಾಗಿ ಮೊದಲಲ್ಲಿ ನಿಧಾನ, ಆಮೇಲೆ ಓಟ.

ನಾಲ್ಕು ವರ್ಷ ಚೆನ್ನಾಗಿಯೇ ಕಂಡದ್ದು ದಿಢೀರ್ ಪುಡಿಯಾದದ್ದು ಯಾಕೆ? ಮಲ್ಲಿಗೆ ಮಾಲೆಯನ್ನು ನಟ್ಟನಡುವೆ ಕತ್ತರಿಸಿ ನೋಡಿ. ಒಂದು ಹೂವೂ ಕಮ್ಮಿಯಾಗುವುದಿಲ್ಲ, ತೂಕ ಅಷ್ಟೇ ಇರುತ್ತದೆ, ಆದರೆ ಉದ್ದ ಅರ್ಧವಾಯಿತು. ನಿಮ್ಮ ಸೋಲ್ ಒಳಗೂ ಹಾಗೆಯೇ ಆದದ್ದು. ಹೊರಗಿನಿಂದ ಬಣ್ಣ, ಆಕಾರ ಎಲ್ಲ ಸರಿ. ಸರಪಳಿಗಳು ತುಂಡಾಗಿ ಗಿಡ್ಡವಾದ ಮೇಲೆ ಮೈಭಾರ ಬಿದ್ದದ್ದೇ ನೆಪ.

ಇನ್ನು ಬಿಸಿ. ಇಂಥ ರಾಸಾಯನಿಕ ಕ್ರಿಯೆಗಳ ವೇಗ 10 ಡಿಗ್ರಿ ಏರಿದಾಗ ಸುಮಾರು ಇಮ್ಮಡಿಯಾಗುತ್ತದೆ ಎಂಬುದು ಒಂದು ಅಂದಾಜು ಲೆಕ್ಕ. ಏಪ್ರಿಲ್‌ನಲ್ಲಿ ಶೀಟಿನ ಅಡಿಯ ಅಟ್ಟಕ್ಕೆ ಮಧ್ಯಾಹ್ನ ಒಮ್ಮೆ ಹತ್ತಿ ನೋಡಿ, ಗೊತ್ತಾಗುತ್ತದೆ. ಮಳೆಗಾಲದ ಪಸೆ ತೊಟ್ಟೆಯೊಳಗೆ ಸಿಕ್ಕಿಬಿದ್ದು, ಬೇಸಗೆಯಲ್ಲಿ ಅಲ್ಲೇ ಬೆಂದಿದೆ.

ಸೀರೆ, ಬಾಟ್ಲಿಗಳಲ್ಲಿರುವುದು ಪಿಇಟಿ ಎಂಬ ಬೇರೆ ಪಾಲಿಯೆಸ್ಟರ್. ಅದರ ಸರಪಳಿ ಗಟ್ಟಿ, ಒತ್ತೊತ್ತಾಗಿ ಕೂತಿರುತ್ತದೆ, ನೀರಿಗೆ ಒಳಗೆ ಜಾಗ ಸಿಗುವುದು ಬಹಳ ಕಮ್ಮಿ. ಬಟ್ಟೆ ಮಿಲ್‌ಗಳಲ್ಲಿ ಇದಕ್ಕೆ ಬಣ್ಣ ಹಾಕುವುದೇ ಸುಮಾರು 130 ಡಿಗ್ರಿಯ ನೀರಿನಲ್ಲಿ, ಒತ್ತಡ ಕೊಟ್ಟು. ಸೀರೆ ಬಗ್ಗೆ ಚಿಂತೆ ಬಿಡಿ. ಬಾಟ್ಲಿಗೆ ಕುದಿನೀರು ಹೊಯ್ದರೆ ಮುರುಟುತ್ತದೆ, ನಿಜ. ಅದು ಕೊಂಡಿ ಬಿಟ್ಟದ್ದರಿಂದಲ್ಲ. ಸುಮಾರು 75 ಡಿಗ್ರಿ ದಾಟಿದಾಗ ಪಿಇಟಿ ಮೆತ್ತಗಾಗಿ, ಕಾರ್ಖಾನೆಯಲ್ಲಿ ಬಾಟ್ಲಿ ಊದುವಾಗ ಎಳೆಸಿಕೊಂಡ ಸರಪಳಿಗಳು ಹಿಂದಕ್ಕೆ ಸರಿಯುತ್ತವೆ. ಪಿಇಟಿಗೂ ನೀರು ಶತ್ರುವಾಗುವುದು ಕರಗಿಸುವಾಗ. ಸುಮಾರು 280 ಡಿಗ್ರಿಯಲ್ಲಿ ಚೂರು ಪಸೆಯಿದ್ದರೂ ಸರಪಳಿ ಕಡಿದುಹೋಗುತ್ತದೆ. ಅದಕ್ಕೇ ಕಾರ್ಖಾನೆಯವರು ಒಂದು ಕಿಲೋ ಪಿಇಟಿ ಕಾಳಿನಲ್ಲಿ 50 ಮಿಲಿಗ್ರಾಂಗಿಂತ ಕಮ್ಮಿ ನೀರು ಉಳಿಯುವ ತನಕ ಗಂಟೆಗಟ್ಟಲೆ ಒಣಗಿಸುತ್ತಾರೆ. ಅಡಿಕೆ ಒಣಗಿಸುವ ನಮಗಿಂತ ಕಟ್ಟುನಿಟ್ಟು!

ನೀರಿಗೆ ಕೊಂಡಿ ಬಿಡುವ ಈ ಗುಣವನ್ನು ಬೇಕೆಂದೇ ಬಳಸುವುದೂ ಉಂಟು. ಆಪರೇಶನ್ ಆದ ಮೇಲೆ ಬಿಚ್ಚಬೇಕಾಗಿಲ್ಲದ ಹೊಲಿಗೆ ನೂಲುಗಳಲ್ಲಿ ಒಂದು ಬಗೆ ಪಾಲಿಗ್ಲೈಕಾಲಿಕ್ ಆಮ್ಲದ್ದು, ಅದೂ ಪಾಲಿಯೆಸ್ಟರೇ. ಮೈಯ ನೀರಿನಲ್ಲೇ ಮೆಲ್ಲಗೆ ಕರಗುತ್ತದೆ.

ನಿಮ್ಮ ಶೂಗೆ ಗಮ್ ಹಚ್ಚಿ ಉಪಯೋಗವಿಲ್ಲ, ಪುಡಿಗೆ ಗಮ್ ಹಿಡಿಯುವುದಿಲ್ಲ. ಮೇಲಿನ ಚರ್ಮ ಚೆನ್ನಾಗಿದ್ದರೆ ಹಳೆಯದನ್ನು ಪೂರ್ತಿ ಕೆರೆದು ತೆಗೆದು ರಬ್ಬರ್ ಸೋಲ್ ಹಾಕಿಸಿ. ರಬ್ಬರಿಗೂ ಇವಿಎ ಎಂಬ ನೊರೆ ಪ್ಲಾಸ್ಟಿಕ್ಕಿನ ಸೋಲ್‌ಗೂ ಈ ಕಾಯಿಲೆಯಿಲ್ಲ. ಎಸ್ಟರ್ ಬದಲು ಈಥರ್ ಕೊಂಡಿಗಳಿರುವ ಪಾಲಿಈಥರ್ ಬಗೆಯ ಪಾಲಿಯುರೆಥೇನ್ ಕೂಡ ನೀರಿಗೆ ಜಾಸ್ತಿ ಜಗ್ಗುವುದಿಲ್ಲ, ಆದರೆ ಯಾವ ಬಗೆ ಅಂತ ಶೂ ಮೇಲೆ ಬರೆದಿರುವುದು ಅಪರೂಪ. ಮುಂದೆ ಶೂವನ್ನು ಅಟ್ಟದಿಂದ ಇಳಿಸಿ, ತೊಟ್ಟೆ ಬಿಚ್ಚಿ, ಗಾಳಿಯಾಡುವ ಕಪಾಟಿನಲ್ಲಿಡಿ. ಡಬ್ಬದಲ್ಲಿ ಬಂದ ಸಿಲಿಕಾ ಜೆಲ್‌ನ ಆ ಪುಟ್ಟ ಪೊಟ್ಟಣ ಒಂದು ಮಳೆಗಾಲಕ್ಕೂ ಸಾಲದು.